ಚೌಡಿ ಕಥೆಯ ಕ್ಯಾಸೆಟ್: ಮೊದಲು ಪ್ಲೇ ಮಾಡಬೇಡಿ

ಹೊಸನಗರ ಕಡೆಯ ನಿಮ್ಮ ಅಜ್ಜಿ ಹೇಳಿದ ಚೌಡಿ, ಭೂತಪ್ಪನ ಕಥೆಗಳ ಹಳೇ ಕ್ಯಾಸೆಟ್‌ಗಳನ್ನು ಊರ ಮ್ಯೂಸಿಯಂಗೆ ಕೊಡುವ ಮುಂಚೆ ಏನು ಮಾಡಬೇಕೆಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಪ್ಲೇ ಮಾಡಬೇಡಿ. ನಮ್ಮ ಮಳೆಗಾಲಕ್ಕೆ ಟೇಪಿಗೂ ಬೂಷ್ಟು ಹಿಡಿಯುತ್ತದೆ. ಸುರುಳಿಯ ಮೇಲೆ ಬಿಳಿ ಪುಡಿ ಕಂಡರೆ ಅದನ್ನು ಬೇರೆಯೇ ಇಡಿ; ಪ್ಲೇಯರ್‌ಗೆ ಹಾಕಿದರೆ ಟೇಪನ್ನು ಓದುವ ಹೆಡ್‌ಗೆ ಅಂಟಿ ಉಳಿದವಕ್ಕೂ ಹರಡುತ್ತದೆ.

ಚೆನ್ನಾಗಿರುವುದರ ಮೇಲಂಚಿನ ಎರಡೂ ಪ್ಲಾಸ್ಟಿಕ್ ಹಲ್ಲು ಮುರಿದುಬಿಡಿ, ಕೈತಪ್ಪಿ ರೆಕಾರ್ಡ್ ಒತ್ತಿ ಅಜ್ಜಿಯ ದನಿ ಅಳಿಸುವ ಭಯ ಇರುವುದಿಲ್ಲ. ಒಮ್ಮೆ ಪೂರ್ತಿ ಮುಂದಕ್ಕೆ, ಹಿಂದಕ್ಕೆ ಸುತ್ತಿ, ಕಂಪ್ಯೂಟರಿನಲ್ಲಿ 24 ಬಿಟ್, 48 ಕಿಲೋಹರ್ಟ್ಸ್ ವೇವ್ (WAV, ದನಿಯನ್ನು ಕುಗ್ಗಿಸದೆ ಇಡುವ) ಫೈಲಿಗೆ ಇಳಿಸಿ. ಎಂಪಿ3 ದನಿಯನ್ನು ಕುಗ್ಗಿಸುತ್ತದೆ, ಅದು ಬರೀ ಕೇಳುವುದಕ್ಕೆ.

ಚೀಟಿಯಲ್ಲಿ 'ದೆವ್ವದ ಕಥೆ' ಎಂದಷ್ಟೇ ಬರೆಯಬೇಡಿ. ಚೌಡಿ ಪೂಜೆ ಪಡೆಯುವ ದೇವತೆ. ಕಥೆ ಯಾವ ಬನದ್ದು (ದೇವರಿಗೆ ಬಿಟ್ಟ ಕಾಡು), ಹೇಳಿದವರು ಯಾರು, ಯಾವ ವರ್ಷ, ಎಲ್ಲ ಇರಲಿ.