ರಾಶಿ ಧೂಳು ಮತ್ತ ಎದಿಯೊಳಗಿನ ಕೋಶ

ಪ್ರಶ್ನೆ: ಡಾಕ್ಟ್ರೇ, ಜ್ವಾಳದ ರಾಶಿ ಮಾಡೋವಾಗ ಅಷ್ಟು ಧೂಳು ಎದಿಗೆ ಹೋಗ್ತದ, ಆದ್ರೂ ದಿನಾ ನ್ಯುಮೋನಿಯಾ ಯಾಕ ಆಗಂಗಿಲ್ರಿ?
– ಓದುಗರು, ಸಿಂದಗಿ, ವಿಜಯಪುರ ಜಿಲ್ಲಾ

ಉತ್ತರ: ಭಾಳ ಚಲೋ ಕೇಳೀರಿ. ಪುಪ್ಪುಸದ ಗಾಳಿಚೀಲದಾಗ ಮ್ಯಾಕ್ರೋಫೇಜ್ ಅನ್ನೋ ಕೋಶ ಇರ್ತಾವ, ಧೂಳು ನುಂಗ್ತಾವ, ಆದ್ರ ಸಣ್ಣಪುಟ್ಟದ್ದಕ್ಕ ಉರಿಯೂತ ಎಬ್ಬಸಂಗಿಲ್ಲ, ಯಾಕಂದ್ರ ಪುಪ್ಪುಸನ ಜಿಎಂ-ಸಿಎಸ್‌ಎಫ್ ಅನ್ನೋ ಪ್ರೋಟೀನ್ ಕೊಟ್ಟು ಅವನ್ನ ಹಂಗ ಬೆಳಸಿರ್ತದ. ಇದ ಮನೆತನದ ಕೋಶ ಲಿವರ್‌ನಾಗ ಕುಫರ್ ಕೋಶ ಆಗಿ ರಕ್ತದಾಗಿನ ಬ್ಯಾಕ್ಟೀರಿಯಾ ಹಿಡಿತಾವ, ಮಿದುಳಿನಾಗ ಮೈಕ್ರೋಗ್ಲಿಯಾ ಅಂತಾರ. ಪುಪ್ಪುಸದ ಆ ಜಿಎಂ-ಸಿಎಸ್‌ಎಫ್ ಸಿಗ್ನಲ್ ಕೆಟ್ಟರ ಮ್ಯಾಕ್ರೋಫೇಜ್ ಸರಿಯಾಗಿ ಸ್ವಚ್ಛ ಮಾಡಂಗಿಲ್ಲ, ಗಾಳಿಚೀಲದಾಗ ಸರ್ಫ್ಯಾಕ್ಟೆಂಟ್ (ಗಾಳಿಚೀಲದ ಒಳಗ ಸವರಿದಂಗ ಇರೋ ಜಿಡ್ಡಿನಂಥ ದ್ರವ) ತುಂಬಿ ಉಸಿರಾಡೋದ ಕಷ್ಟ ಆಗ್ತದ. ನನಗ ಭಾಳ ಕೆಟ್ಟ ಅನ್ಸೋದು ಕ್ಯಾನ್ಸರ್ ಗಡ್ಡಿದು, ಕಾಯಾಕ ಬಂದ ಮ್ಯಾಕ್ರೋಫೇಜನ್ನ ತನ್ನ ಕಡೆ ಮಾಡ್ಕೊಂಡು ರಕ್ತನಾಳ ಬೆಳಸಾಕ ಹಚ್ತದ. ಬೂಷ್ಟು ಹತ್ತಿದ ಮೇವಿನ ಧೂಳು ಮಾತ್ರ ಬ್ಯಾರೆ, ಪುಪ್ಪುಸಕ್ಕ ಅಲರ್ಜಿ ತರ್ತದ, ಮಾಸ್ಕ್ ಹಾಕ್ಕೋರಿ.