ಮೊದಲು ಯಾರ ರಕ್ತ?

ಪ್ರಶ್ನೆ: ತಂದೆಗೆ 44ನೇ ವಯಸ್ಸಿನಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಬಂದು ಆಪರೇಷನ್ ಆಯಿತು, ಈಗ ಆರಾಮಾಗಿದ್ದಾರೆ. ಅವರ ಅಕ್ಕನಿಗೆ 48ಕ್ಕೆ ಗರ್ಭಕೋಶದ ಕ್ಯಾನ್ಸರ್. ನನಗೆ 27. ಜೀನ್ ಪರೀಕ್ಷೆ ಮಾಡಿಸಿಕೊಳ್ಳಲೇ?

ಉತ್ತರ: ಮಾಡಿಸಿ, ಆದರೆ ನಿಮ್ಮಿಂದ ಶುರು ಮಾಡಬೇಡಿ. ಮೊದಲು ತಂದೆಯವರ ರಕ್ತ ಪರೀಕ್ಷೆಗೆ ಹೋಗಲಿ. ಯಾವ ದೋಷ ಹುಡುಕಬೇಕೆಂದು ಗೊತ್ತಿಲ್ಲದೆ ನಿಮ್ಮನ್ನು ಪರೀಕ್ಷಿಸಿದಾಗ ‘ಏನೂ ಸಿಗಲಿಲ್ಲ’ ಎಂದು ಬಂತೆನ್ನಿ. ಮನೆತನದ ದೋಷ ನಿಮಗೆ ಬಂದಿಲ್ಲವೋ, ಬಂದಿದ್ದೂ ಪರೀಕ್ಷೆಗೆ ಸಿಕ್ಕಿಲ್ಲವೋ, ಆ ವರದಿ ಹೇಳದು. ತಂದೆಯವರಲ್ಲಿ ದೋಷ ಸಿಕ್ಕರೆ ನಿಮ್ಮಲ್ಲಿ ಅದೊಂದನ್ನೇ ನೋಡಿದರಾಯಿತು. ಆಗ ‘ಇಲ್ಲ’ ಎಂಬ ಉತ್ತರವನ್ನು ನಂಬಬಹುದು.

ಕರುಳು, ಗರ್ಭಕೋಶ ಎರಡೂ ಒಂದೇ ಮನೆಯಲ್ಲಿ, ಅದೂ 50ರೊಳಗೆ ಎಂದರೆ ಮೊದಲ ಅನುಮಾನ ಲಿಂಚ್ ಸಿಂಡ್ರೋಮ್ ಎಂಬ, ವಂಶದಲ್ಲಿ ಹರಿದುಬರುವ ಕ್ಯಾನ್ಸರ್ ಪ್ರವೃತ್ತಿಯ ಮೇಲೆ. ಇದರಲ್ಲಿ ಡಿಎನ್‌ಎ ನಕಲಾಗುವಾಗಿನ ತಪ್ಪುಗಳನ್ನು ತಿದ್ದುವ ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6, ಪಿಎಂಎಸ್2 ಜೀನ್‌ಗಳಲ್ಲಿ ಒಂದು ಕೆಟ್ಟಿರುತ್ತದೆ. ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ 50.

ಇನ್ನೊಂದು ದಾರಿಯೂ ಇದೆ, ಬಹಳ ಜನ ಮರೆಯುವಂಥದ್ದು. ಆಪರೇಷನ್‌ನಲ್ಲಿ ತೆಗೆದ ಗಡ್ಡೆಯ ತುಣುಕು ಲ್ಯಾಬಿನಲ್ಲಿ ಮೇಣದ ಬ್ಲಾಕ್ ಆಗಿ ಉಳಿದಿರಬಹುದು, ವಿಚಾರಿಸಿ. ಅದರ ತೆಳು ಪದರಕ್ಕೆ ಬಣ್ಣ ಹಾಕಿ ಈ ನಾಲ್ಕು ಜೀನ್‌ಗಳ ಪ್ರೋಟೀನ್ ಇವೆಯೇ ಎಂದು ನೋಡುತ್ತಾರೆ. ಎಂಎಸ್‌ಎಚ್2 ಕಾಣದಿದ್ದರೆ ಲಿಂಚ್ ಅನುಮಾನ ಬಲವಾಗುತ್ತದೆ. ಎಂಎಲ್‌ಎಚ್1 ಕಾಣದಿದ್ದರೆ ಮಾತ್ರ ತಡೆಯಿರಿ: ವಂಶಕ್ಕೆ ಸಂಬಂಧವಿಲ್ಲದೆಯೂ, ವಯಸ್ಸಾದವರಲ್ಲಿ ಹೆಚ್ಚಾಗಿ, ಆ ಜೀನ್ ಗಡ್ಡೆಯೊಳಗೆ ಸ್ತಬ್ಧವಾಗುವುದುಂಟು. ಇದು ವಂಶದ್ದೋ ಅಲ್ಲವೋ ಎಂದು ಬೇರ್ಪಡಿಸಲೆಂದೇ ಗಡ್ಡೆಯ ಮೇಲೆ ಬಿಆರ್‌ಎಎಫ್ ಎಂಬ ಜೀನಿನ ಅಥವಾ ಮೀಥೈಲೇಷನ್ (ಜೀನನ್ನು ಸ್ತಬ್ಧಗೊಳಿಸುವ ರಾಸಾಯನಿಕ ಗುರುತು) ಪರೀಕ್ಷೆ ಸೇರಿಸುತ್ತಾರೆ.

ವರದಿಗಾಗಿ ಕಾಯುತ್ತ ಕೂರಬೇಡಿ. ಎಂಎಲ್‌ಎಚ್1, ಎಂಎಸ್‌ಎಚ್2 ದೋಷವಿದ್ದವರಿಗೆ ಕೊಲೊನೊಸ್ಕೋಪಿ (ಕ್ಯಾಮೆರಾ ಕೊಳವೆಯಿಂದ ದೊಡ್ಡ ಕರುಳಿನ ಒಳಗನ್ನು ನೋಡುವುದು) 20–25ನೇ ವಯಸ್ಸಿನಲ್ಲೇ ಶುರುವಾಗುತ್ತದೆ, ಉಳಿದೆರಡಕ್ಕೆ ಸಾಮಾನ್ಯವಾಗಿ 30–35. ನಿಮಗೆ ಆಗಲೇ 27 ಆಗಿದೆ, ಹೊಟ್ಟೆ-ಕರುಳಿನ ತಜ್ಞರನ್ನು ಈಗಲೇ ಕಾಣಿ.

ಪ್ರಶ್ನೆ: ಜೀನ್ ಪರೀಕ್ಷೆಯ ವರದಿಯಲ್ಲಿ ‘ಮಹತ್ವ ತಿಳಿಯದ ವ್ಯತ್ಯಾಸ’ ಎಂದಿದೆ. ತಮ್ಮನಿಗೂ ಪರೀಕ್ಷೆ ಮಾಡಿಸಲೇ?

ಉತ್ತರ: ಬೇಡ. ಜೀನಿನಲ್ಲಿ ಬದಲಾವಣೆ ಕಂಡಿದೆ, ಅದು ಕಾಯಿಲೆ ತರುತ್ತದೋ ಇಲ್ಲವೋ ಗೊತ್ತಿಲ್ಲ ಎಂದಷ್ಟೇ ಅದರ ಅರ್ಥ, ‘ಪಾಸಿಟಿವ್’ ಅಲ್ಲ. ಇಂಥವು ಮುಂದೆ ಮರುವರ್ಗೀಕರಣವಾದಾಗ ಹೆಚ್ಚಿನವು ನಿರುಪದ್ರವಿ ಪಟ್ಟಿಗೇ ಸೇರುತ್ತವೆ. ಇದೊಂದನ್ನೇ ನಂಬಿ ಯಾವ ಅಂಗವನ್ನೂ ತೆಗೆಸಬೇಡಿ. ತಪಾಸಣೆ ಎಷ್ಟಿರಬೇಕೆಂಬುದನ್ನು ಮನೆಯವರ ಕಾಯಿಲೆಯ ಚರಿತ್ರೆಯೇ ನಿರ್ಧರಿಸಲಿ. ಒಂದೆರಡು ವರ್ಷಕ್ಕೊಮ್ಮೆ ವರ್ಗ ಬದಲಾಗಿದೆಯೇ ಎಂದು ಲ್ಯಾಬನ್ನು ಕೇಳಿ.

ಪ್ರಶ್ನೆ: ಲಿಂಚ್ ಇದೆ. ಹೋದ ವರ್ಷದ ಕೊಲೊನೊಸ್ಕೋಪಿಯಲ್ಲಿ ಏನೂ ಇರಲಿಲ್ಲ. ಮತ್ತೆ ಯಾಕೆ?

ಉತ್ತರ: ಸಾಮಾನ್ಯರಲ್ಲಿ ಪಾಲಿಪ್ (ಕರುಳಿನ ಒಳಪದರದ ಸಣ್ಣ ಗಂಟು) ಕ್ಯಾನ್ಸರ್ ಆಗಲು ಸುಮಾರು 10 ವರ್ಷ ಬೇಕು, ಲಿಂಚ್‌ನಲ್ಲಿ 1ರಿಂದ 3 ವರ್ಷ ಸಾಕಾಗಬಹುದು. ಅದಕ್ಕೇ 1–2 ವರ್ಷದ ಅಂತರ. ಇಲ್ಲಿ ಪಾಲಿಪ್ ಹೆಚ್ಚಾಗಿ ಬಲಭಾಗದಲ್ಲಿ, ಚಪ್ಪಟೆಯಾಗಿರುತ್ತದೆ. ಕರುಳು ಸ್ವಚ್ಛವಿಲ್ಲದಿದ್ದರೆ ಕಾಣದು. ಭೇದಿ ಔಷಧವನ್ನು ಎರಡು ಕಂತು ಮಾಡಿ, ಎರಡನೆಯದನ್ನು ಪರೀಕ್ಷೆಗೆ 4–6 ಗಂಟೆ ಮುಂಚೆ ಶುರುಮಾಡಿ. ಸ್ಕೋಪ್ ದೊಡ್ಡ ಕರುಳು ಶುರುವಾಗುವ ಸೀಕಮ್‌ವರೆಗೆ ಹೋಯಿತೇ, ಕರುಳು ಎಷ್ಟು ಸ್ವಚ್ಛವಿತ್ತು ಎಂಬೆರಡೂ ವರದಿಯಲ್ಲಿರಬೇಕು. ಇರದಿದ್ದರೆ ಬರೆಸಿಕೊಳ್ಳಿ.