ಆಕ್ಸೊಲಾಟಲ್, ಯಾರ್ಸಾಗುಂಬಾ: ಇಷ್ಟೊಂದು ಸಿಗುತ್ತಲ್ಲ, ಅಪಾಯ ಹೇಗೆ?

ಆಕ್ಸೊಲಾಟಲ್ ಅನ್ನೋ, ಕಪ್ಪೆಯ ಬಳಗದ ನೀರುಜೀವಿ ಊರೂರಿನ ಅಕ್ವೇರಿಯಂಗಳಲ್ಲಿದೆ, ಯಾರ್ಸಾಗುಂಬಾ ಶಿಲೀಂಧ್ರ ಅಂಗಡಿಯಲ್ಲಿ ಸಿಗುತ್ತೆ, ಆದರೂ ಎರಡೂ ಅಳಿವಿನ ಅಪಾಯದಲ್ಲಿರುವ ಜೀವಿಗಳ ಕೆಂಪು ಪಟ್ಟಿಯಲ್ಲಿ ಯಾಕೆ ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ಆ ಪಟ್ಟಿ ಲೆಕ್ಕ ಹಾಕುವುದು ತನ್ನ ನೆಲೆಯಲ್ಲಿ ತಾನಾಗಿ ಬದುಕುವ ಜೀವಿಯನ್ನು ಮಾತ್ರ.

ಆಕ್ಸೊಲಾಟಲ್‌ನ ನೆಲೆ ಮೆಕ್ಸಿಕೊ ನಗರದ ಸೊಚಿಮಿಲ್ಕೊ ಕಾಲುವೆಗಳು. ಅಲ್ಲಿ 1998ರಲ್ಲಿ ಚದರ ಕಿಲೋಮೀಟರಿಗೆ ಸುಮಾರು 6,000 ಇದ್ದವು. 2014ರ ಹೊತ್ತಿಗೆ ಬರೀ 36! ನೀರು ಕೆಟ್ಟಿತು, ಹೊರಗಿನಿಂದ ತಂದು ಬಿಟ್ಟ ತಿಲಾಪಿಯ, ಕಾರ್ಪ್ ಮೀನುಗಳು ಮೊಟ್ಟೆ ಮರಿ ತಿಂದವು. ಓದಿದಾಗ ನಿಜಕ್ಕೂ ಸಂಕಟವಾಯಿತು.

ಯಾರ್ಸಾಗುಂಬಾಕ್ಕೆ ಕುತ್ತು ಬಂದಿದ್ದು ಅತಿಯಾದ ಕೊಯ್ಲಿನಿಂದ. ಹಿಮಾಲಯದ ಮಣ್ಣಿನೊಳಗಿನ ಕಂಬಳಿಹುಳುವನ್ನು ಈ ಶಿಲೀಂಧ್ರ ಕೊಂದು, ಅದರ ತಲೆಯಿಂದ ಕಂದು ಕಡ್ಡಿಯಂತೆ ಮೇಲೆ ಬರುತ್ತದೆ. ಹಿಮ ಕರಗಿದ ಮೇಲೆ ಜನ ಹುಲ್ಲಿನ ಮೇಲೆ ಮಲಗಿ ಹುಡುಕುತ್ತಾರೆ. ಬೀಜಕ (ಬೀಜದ ಹಾಗೆ ಹೊಸ ಶಿಲೀಂಧ್ರ ಹುಟ್ಟಿಸುವ ಕಣ) ಉದುರುವ ಮೊದಲೇ ಕಿತ್ತರೆ ಮುಂದಿನ ಪೀಳಿಗೆ ಎಲ್ಲಿಂದ ಬರಬೇಕು, ಅಲ್ವಾ? 2020ರಲ್ಲಿ ಇದನ್ನು ಕೆಂಪು ಪಟ್ಟಿಯ ‘ಅಪಾಯಕ್ಕೆ ಸಿಲುಕಬಹುದಾದ’ (Vulnerable) ವರ್ಗಕ್ಕೆ ಸೇರಿಸಿದರು. ಆಕ್ಸೊಲಾಟಲ್ ಇರುವುದು ಇನ್ನೂ ಗಂಭೀರ ಸ್ಥಿತಿಯಲ್ಲಿ.

ಇನ್ನೊಂದು ಮಾತು. ಲ್ಯಾಬ್‌ನಲ್ಲಿ ಬೆಳೆಸಿ ಜಾಸ್ತಿ ಮಾರುವ ಕಿತ್ತಳೆ ಬಣ್ಣದ ಕಾರ್ಡಿಸೆಪ್ಸ್ ಅನ್ನೋ ಶಿಲೀಂಧ್ರ ಬೇರೆಯೇ ಜಾತಿ. ಅದನ್ನು ನೋಡಿ ಯಾರ್ಸಾಗುಂಬಾ ಬೇಕಾದಷ್ಟಿದೆ ಅಂದುಕೊಳ್ಳಬೇಡಿ.